ಬಿಸಿಲಲ್ಲಿ ವೇಷ

ವೇಷ ಕಟ್ಟುವುದೆಂದರೆ ಮೈಮೇಲೆ ಇನ್ನೊಂದು ಮೈ ಹೊದ್ದುಕೊಳ್ಳುವುದು. ಒಳಗಿನ ಮೈ ಬೇಯದಂತೆ, ಒಣಗದಂತೆ ನೋಡಿಕೊಳ್ಳುವುದು ವೇಷದಷ್ಟೇ ಹಳೆಯ ವಿದ್ಯೆ. ಮಂಗಳೂರಿನ ಹುಲಿವೇಷ, ಮೈಸೂರು ದಸರೆಯ ಗಾರುಡಿ ಗೊಂಬೆ, ಅಮೆರಿಕದ ರೆನೈಸಾನ್ಸ್ ಮೇಳಗಳು, ಜಪಾನಿನ ಕಾಸ್‌ಪ್ಲೇ ಕೂಟಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೆಳೆದವು. ಆದರೂ ಕಥೆಯ ರಾಜನಾಗಲಿ, ಕಾಮಿಕ್ಸಿನ ವೀರನಾಗಲಿ, ಕಿರೀಟದ ಕೆಳಗೆ ಬೆವರುವ ತಲೆ ಮನುಷ್ಯನದೇ.

ಕನ್ನಡದಲ್ಲಿ ‘ಹಗಲುವೇಷ’ ಎಂಬ ಮಾತು ಇವತ್ತು ಬೈಗುಳಕ್ಕೆ ಹತ್ತಿರ. ಮೂಲದಲ್ಲಿ ಅದು ಊರೂರು ತಿರುಗಿ ಮನೆಯಂಗಳಗಳಲ್ಲಿ ಆಡುತ್ತಿದ್ದ ಅಲೆಮಾರಿ ಕಲಾವಿದರ ಕಲೆಯ ಹೆಸರು. ಹಗಲಲ್ಲಿ ಆಡುವುದನ್ನೇ ಹೆಸರಿಟ್ಟು ಬೇರೆ ಮಾಡಬೇಕಾಯಿತೆಂದರೆ ವೇಷಕ್ಕೆ ಸಹಜವಾದ ಹೊತ್ತು ರಾತ್ರಿ ಎಂಬ ತಿಳಿವಳಿಕೆ ನಾಡಿನಲ್ಲಿ ಇತ್ತೆಂದೇ ಅರ್ಥ. ಯಕ್ಷಗಾನ ರಾತ್ರಿಯ ಆಟ. ಭೂತಕೋಲ, ನೇಮಗಳು ಬಹುಪಾಲು ರಾತ್ರಿಯವು. ಶಿರಸಿಯ ಬೇಡರ ವೇಷ ಎರಡು ವರ್ಷಕ್ಕೊಮ್ಮೆ ಹೋಳಿಯ ಆಸುಪಾಸಿನ ರಾತ್ರಿಗಳಲ್ಲಿ ಬೀದಿಗಿಳಿಯುತ್ತದೆ. ಬೆಂಗಳೂರಿನ ಕರಗ ಚೈತ್ರ ಹುಣ್ಣಿಮೆಯ ನಡುರಾತ್ರಿ ಧರ್ಮರಾಯನ ಗುಡಿಯಿಂದ ಹೊರಟು ಬೆಳಗಿನ ಹೊತ್ತಿಗೆ ಮರಳುತ್ತದೆ. ರಾತ್ರಿಯ ಆಯ್ಕೆಗೆ ದೀಪ, ದೈವ, ದುಡಿಮೆಯ ದಿನಚರಿ ಎಂಬ ಬೇರೆ ಕಾರಣಗಳೂ ಉಂಟು. ಆದರೆ ಏಪ್ರಿಲ್ ತಿಂಗಳ ಕರಾವಳಿಯಲ್ಲಿ ದಗಲೆ, ಕಸೆ, ಭುಜಕೀರ್ತಿ, ಎದೆಪದಕ, ಡಾಬು, ಕಿರೀಟ ಎಲ್ಲ ಕಟ್ಟಿಕೊಂಡು ಮಧ್ಯಾಹ್ನ ಎರಡು ಗಂಟೆಗೆ ಧೀಂಗಿಣ ಹೊಡೆಯುವುದನ್ನು ಊಹಿಸಿಕೊಂಡರೆ ಸಾಕು, ಗಡಿಯಾರದ ಮಹತ್ವ ಗೊತ್ತಾಗುತ್ತದೆ.

ಹೊಸ ಕಾಲದ ವೇಷದ ಹಬ್ಬಗಳು ಈ ಗಡಿಯಾರವನ್ನು ಬದಿಗಿಟ್ಟವು. ವಾರಾಂತ್ಯದ ಹಗಲು, ಟಿಕೆಟ್ಟು, ಫೋಟೊ, ಮೆರವಣಿಗೆ ಇವುಗಳಿಗೆ ಬೆಳಕು ಬೇಕು. ತೊಂದರೆ ಶುರುವಾಗುವುದೂ ಅಲ್ಲೇ.

ಬೆವರಿನ ಲೆಕ್ಕ

ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವಾಟ್ ಶಾಖ ಹೊರಹಾಕುತ್ತದೆ, ಹಳೆಯ ಕಾಲದ ಒಂದು ಬಲ್ಬಿನಷ್ಟು. ಬಿರುಸಿನಿಂದ ಕುಣಿಯುವಾಗ ಅದು ಐದಾರು ಪಟ್ಟು ಏರುತ್ತದೆ, ಏಕೆಂದರೆ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಚಲನೆಯಾಗದೆ ಬಿಸಿಯಾಗಿಯೇ ಹೋಗುತ್ತದೆ. ಚರ್ಮದ ಉಷ್ಣತೆ ಸುಮಾರು 33ರಿಂದ 35 ಡಿಗ್ರಿ. ಸುತ್ತಲಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಶಾಖ ತಾನಾಗಿ ಹೊರಹೋಗುತ್ತದೆ. ಗಾಳಿಯೇ ಅದಕ್ಕಿಂತ ಬಿಸಿಯಾದಾಗ ಉಳಿಯುವ ದಾರಿ ಬೆವರೊಂದೇ.

ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಏಳು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. ಇಲ್ಲಿ ‘ಆವಿಯಾದರೆ’ ಎಂಬ ಮಾತಿಗೆ ತೂಕವಿದೆ. ಗಲ್ಲದಿಂದ ತೊಟ್ಟಿಕ್ಕಿದ ಬೆವರು, ಚಡ್ಡಿಯಲ್ಲಿ ನೆನೆದು ಕೂತ ಬೆವರು ನೀರನ್ನೂ ಉಪ್ಪನ್ನೂ ಖಾಲಿ ಮಾಡುತ್ತವೆಯೇ ಹೊರತು ತಂಪು ಕೊಡುವುದಿಲ್ಲ. ಕರಾವಳಿಯವರು ‘ಬಿಸಿಲು’ ಬೇರೆ, ‘ಸೆಕೆ’ ಬೇರೆ ಎಂದು ಎರಡು ಮಾತು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಬಳ್ಳಾರಿಯ 40 ಡಿಗ್ರಿಯಲ್ಲಿ ಬೆವರು ಕಾಣಿಸುವ ಮೊದಲೇ ಆರುತ್ತದೆ. ಮಂಗಳೂರಿನ 31 ಡಿಗ್ರಿಯಲ್ಲಿ ಅದು ಮೈಮೇಲೆಯೇ ನಿಲ್ಲುತ್ತದೆ.

ಈ ವ್ಯತ್ಯಾಸವನ್ನು ಒಂದು ಅಂಕಿಯಲ್ಲಿ ಹಿಡಿಯುವ ಪ್ರಯತ್ನ ನಡೆದದ್ದು 1950ರ ದಶಕದಲ್ಲಿ, ಅಮೆರಿಕದ ನೌಕಾಪಡೆಯ ಯೋಧರ ತರಬೇತಿ ಶಿಬಿರಗಳಲ್ಲಿ. ಹೊಸ ಸಿಪಾಯಿಗಳು ಕವಾಯತಿನಲ್ಲಿ ಕುಸಿದು ಬೀಳುತ್ತಿದ್ದುದೇ ಅದಕ್ಕೆ ಕಾರಣ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಅಂಕಿಗೆ ನೂರಕ್ಕೆ 70 ಪಾಲು, ಬಿಸಿಲಿಗೆ ಇಟ್ಟ ಕಪ್ಪು ಗೋಲದ ಉಷ್ಣತೆಗೆ 20, ನೆರಳಿನ ಗಾಳಿಯ ಉಷ್ಣತೆಗೆ 10 ಪಾಲು ಕೊಟ್ಟು ಕೂಡಿಸಿದ್ದನ್ನು ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಎನ್ನುತ್ತಾರೆ. ದಿನಪತ್ರಿಕೆಯಲ್ಲಿ ಅಚ್ಚಾಗುವ ‘ಗರಿಷ್ಠ ಉಷ್ಣಾಂಶ’ಕ್ಕೆ ಇದರಲ್ಲಿ ಹತ್ತನೇ ಒಂದು ಪಾಲು ಮಾತ್ರ! ಈ ಅಂಕಿ 32.2 ಮುಟ್ಟಿದರೆ ಅಮೆರಿಕದ ಸೇನಾ ಶಿಬಿರಗಳಲ್ಲಿ ಕಪ್ಪು ಬಾವುಟ ಏರುತ್ತದೆ. ಜಪಾನ್ 2021ರಿಂದ ದೇಶಾದ್ಯಂತ ಇದೇ ಅಳತೆಯ ಮೇಲೆ ಜನರಿಗೆ ಎಚ್ಚರಿಕೆ ಕೊಡುತ್ತಿದೆ. ಹಬ್ಬ ನಡೆಸುವವರು ನೋಡಬೇಕಾದದ್ದು ಇದನ್ನೇ.

ಇನ್ನು ಉಡುಪು. ಬಟ್ಟೆಯ ಶಾಖ ತಡೆಯುವ ಗುಣಕ್ಕೂ ಒಂದು ಮಾನವಿದೆ, ಹೆಸರು ‘ಕ್ಲೋ’. 1941ರಲ್ಲಿ ರೂಪಿಸಿದ್ದು. 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕೂತವನಿಗೆ ಹಿತವೆನಿಸುವ ಉಡುಪು ಒಂದು ಕ್ಲೋ. ಕೋಟು ಪ್ಯಾಂಟಿನ ಸೂಟು ಎಂದುಕೊಳ್ಳಬಹುದು. ವೇಷದ ಬಟ್ಟೆ ಇದನ್ನು ಸುಲಭವಾಗಿ ಮೀರುತ್ತದೆ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ ಸ್ಯಾಟಿನ್, ರೆಕ್ಸಿನ್, ಫೋಮ್, ಅಂಟು, ಬಣ್ಣ ಇವೆಲ್ಲ ಬೆವರಿನ ಆವಿಯನ್ನೇ ಒಳಗೆ ಕಟ್ಟಿಹಾಕುತ್ತವೆ. ವೇಷದ ಒಳಗಿನ ಹವೆ ಊರಿನ ಹವೆಯಲ್ಲ. ಬಳ್ಳಾರಿಯ ಒಣ ಬಿಸಿಲಲ್ಲೂ ರಬ್ಬರ್ ಮುಖವಾಡದೊಳಗೆ ಮಂಗಳೂರೇ.

ಹಾಗೆಂದು ಬಟ್ಟೆ ಕಡಿಮೆಯಾದಷ್ಟೂ ತಂಪು ಎಂಬುದೂ ನಿಜವಲ್ಲ. ಸಿನಾಯ್ ಮರುಭೂಮಿಯ ಬೆದೂಯಿನರು ಕಪ್ಪು ನಿಲುವಂಗಿ ಏಕೆ ಹಾಕುತ್ತಾರೆಂದು ನಾಲ್ವರು ವಿಜ್ಞಾನಿಗಳು ಅಳೆದು ನೋಡಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಬಿಸಿಲನ್ನು ಹೆಚ್ಚಾಗಿಯೇ ಹೀರುತ್ತದೆ. ಆದರೆ ಅಂಗಿ ಸಡಿಲವಾಗಿದ್ದರೆ ಆ ಬಿಸಿ ಚರ್ಮ ಮುಟ್ಟುವ ಮೊದಲೇ ಒಳಗಿನ ಗಾಳಿಯ ಸುಳಿದಾಟದಲ್ಲಿ ಹೊರಹೋಗುತ್ತದೆ. ಬಣ್ಣಕ್ಕಿಂತ ಮುಖ್ಯ ಸಡಿಲ. ಮೈಗೂ ಬಟ್ಟೆಗೂ ನಡುವೆ ಎರಡು ಬೆರಳು ಗಾಳಿ ಆಡುವ ವೇಷ ಉಳಿಸುತ್ತದೆ, ಮೈಗೆ ಅಂಟಿದ ವೇಷ ಬೇಯಿಸುತ್ತದೆ.

ಹುಲಿಯ ಚರ್ಮ

ಈ ದೃಷ್ಟಿಯಿಂದ ನೋಡಿದರೆ ತುಳುನಾಡಿನ ಹುಲಿವೇಷ ಬಹಳ ಕಠಿಣವಾದದ್ದು. ಇದರಲ್ಲಿ ಬಟ್ಟೆಯೇ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬಣ್ಣ ಮೈಗೆ ಪೂರ್ತಿ ಅಂಟಿದ ವೇಷ. ಮಂಗಳೂರಿನಲ್ಲಿ ನವರಾತ್ರಿಗೆ, ಉಡುಪಿಯಲ್ಲಿ ಕೃಷ್ಣ ಜನ್ಮಾಷ್ಟಮಿಯ ವಿಟ್ಲಪಿಂಡಿಗೆ ಹುಲಿಗಳು ಹೊರಡುತ್ತವೆ. ಎರಡೂ ಮಳೆ ಇನ್ನೂ ಪೂರ್ತಿ ಬಿಡದ, ಬಿಟ್ಟ ಗಳಿಗೆಯಲ್ಲಿ ಬಿಸಿಲು ಚುರುಗುಟ್ಟುವ, ಗಾಳಿಯಲ್ಲಿ ನೀರೇ ತುಂಬಿರುವ ದಿನಗಳು.

ಬಣ್ಣ ಬಳಿಯುವುದು ಗಂಟೆಗಟ್ಟಲೆಯ ಕೆಲಸ. ಕೈಗಳನ್ನು ಅಗಲಿಸಿ, ಕೋಲಿನ ಆಸರೆ ಹಿಡಿದು ನಿಲ್ಲಬೇಕು. ಮೊದಲ ಬಳಿತ ಆರುವವರೆಗೆ ಕೂರುವಂತಿಲ್ಲ, ತೋಳು ಪಕ್ಕೆಗೆ ತಾಗಿಸುವಂತಿಲ್ಲ. ಆಮೇಲೆ ಪಟ್ಟೆ, ಚುಕ್ಕೆ, ಹೊಟ್ಟೆಯ ಮೇಲೊಂದು ಹುಲಿಮುಖ. ಕೆಲವರು ಬಣ್ಣದ ಮೇಲೆ ಕುರಿಯ ಉಣ್ಣೆಯನ್ನೂ ಅಂಟಿಸುತ್ತಾರೆ. ತಲೆಗೆ ‘ಮಂಡೆ’ ಎಂಬ ಹುಲಿತಲೆ. ಹೀಗೆ ತಯಾರಾದವನು ತಾಸೆ ಡೋಲಿನ ಪೆಟ್ಟಿಗೆ ದಿನವಿಡೀ ಕುಣಿಯುತ್ತಾನೆ. ನಡುವೆ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವ ಸಾಹಸವೂ ಉಂಟು.

ಮೈಪೂರ್ತಿ ಬಣ್ಣ ಬಳಿದರೆ ಚರ್ಮ ‘ಉಸಿರು ಕಟ್ಟಿ’ ಮನುಷ್ಯ ಸಾಯುತ್ತಾನೆಂಬ ನಂಬಿಕೆಯನ್ನು 1964ರ ‘ಗೋಲ್ಡ್‌ಫಿಂಗರ್’ ಸಿನಿಮಾ ಜಗತ್ತಿಗೆಲ್ಲ ಹಬ್ಬಿಸಿತು. ಅದು ಸುಳ್ಳು. ಮನುಷ್ಯ ಉಸಿರಾಡುವುದು ಶ್ವಾಸಕೋಶದಿಂದ. ಆದರೆ ಸುಳ್ಳಿನ ಪಕ್ಕದಲ್ಲೇ ಒಂದು ನಿಜ ಕೂತಿದೆ: ಮೈಯಲ್ಲಿರುವ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರು ಗ್ರಂಥಿಗಳ ಬಾಯಿಗೆ ಬಣ್ಣದ ಪೊರೆ ಅಡ್ಡ ಬಂದರೆ ಬೆವರು ಆರುವ ಕೆಲಸ ಕುಂಟುತ್ತದೆ. ಹಿಂದೆ ಬಳಸುತ್ತಿದ್ದ ಎಣ್ಣೆಬಣ್ಣ ಈ ವಿಷಯದಲ್ಲಿ ಕ್ರೂರ. ಅದನ್ನು ತೆಗೆಯಲು ಸೀಮೆಎಣ್ಣೆ ಹಚ್ಚಿ ಉಜ್ಜಿಕೊಳ್ಳುವುದು ಇನ್ನೊಂದು ಶಿಕ್ಷೆ. ನೀರಿಗೆ ಬಿಡುವ, ತೆಳ್ಳಗೆ ಕೂರುವ ಬಣ್ಣಗಳತ್ತ ಈಗ ಕೆಲವು ತಂಡಗಳು ವಾಲಿರುವುದು ಕಲೆಗೆ ಕುಂದಲ್ಲ. ಚರ್ಮಕ್ಕೆ ಆದ ನ್ಯಾಯ.

ಹುಲಿ ದಣಿದಾಗ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಅಂಗಡಿಯೊಂದರ ಜಗಲಿಯ ನೆರಳಿಗೆ ಬಂದು ನಿಲ್ಲುತ್ತಾನೆ. ಕೂರುವುದಿಲ್ಲ. ಬಣ್ಣ ಕಿತ್ತು ಬಂದೀತೆಂದು ಗೋಡೆಗೂ ಒರಗುವುದಿಲ್ಲ. ತಂಡದವನೊಬ್ಬ ಮಂಡೆಯನ್ನು ಎತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಬೊಂಡದ, ಎಂದರೆ ಎಳನೀರಿನ, ತೂತಿಗೆ ಸ್ಟ್ರಾ ಸಿಕ್ಕಿಸಿ ಬಾಯಿಗೆ ಹಿಡಿಯುತ್ತಾನೆ. ಗಲ್ಲದ ಬಣ್ಣಕ್ಕೆ ಹನಿಯೂ ತಾಗುವುದಿಲ್ಲ. ಅರ್ಧ ಬೊಂಡ, ನಾಲ್ಕು ದೀರ್ಘ ಉಸಿರು, ತಾಸೆ ಮತ್ತೆ ಶುರು. ಈ ದೃಶ್ಯದಲ್ಲಿ ಕಲಿಯಬೇಕಾದ್ದು ಬಹಳವಿದೆ. ವೇಷದವನು ತನ್ನನ್ನು ತಾನು ನೋಡಿಕೊಳ್ಳಲಾರ. ನೋಡಿಕೊಳ್ಳಲು ವೇಷವಿಲ್ಲದ ಇಬ್ಬರು ಬೇಕು. ಯಕ್ಷಗಾನದ ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಜಾಗದಲ್ಲಿ, ಕಸೆ ಬಿಗಿಯುವ, ಬಿಚ್ಚುವ ಕೈಗಳು ಯಾವಾಗಲೂ ಇರುತ್ತವೆ. ಮೇಳದ ಆಟದಲ್ಲಿ ಒಂದೇ ವೇಷ ರಾತ್ರಿಯಿಡೀ ರಂಗದಲ್ಲಿರುವುದೂ ಇಲ್ಲ. ಪಾತ್ರಗಳು ಸರದಿಯಲ್ಲಿ ಬಂದು ಹೋಗುತ್ತವೆ, ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಟ್ಟ ಬಣ್ಣದ ವೇಷ ಸಾಮಾನ್ಯವಾಗಿ ಇರುಳು ಸಾಕಷ್ಟು ಕಳೆದ ಮೇಲೆ ಅಬ್ಬರಿಸುತ್ತದೆ. ಕೈಗಾರಿಕಾ ಆರೋಗ್ಯ ತಜ್ಞರು ‘ದುಡಿಮೆ-ವಿಶ್ರಾಂತಿ ಚಕ್ರ’ ಎಂದು ಪಟ್ಟಿ ಹಾಕುವುದನ್ನು ಚೌಕಿ ಪಟ್ಟಿಯಿಲ್ಲದೆ ನಡೆಸಿಕೊಂಡು ಬಂದಿದೆ.

ಬಿದಿರಿನ ಗಾರುಡಿ ಗೊಂಬೆ ಇನ್ನೊಂದು ಬಗೆಯ ಜಾಣತನ. ಹತ್ತು ಹನ್ನೆರಡು ಅಡಿ ಎತ್ತರದ ಈ ಗೊಂಬೆಯನ್ನು ಒಳಗೆ ನಿಂತವನು ಹೆಗಲ ಮೇಲೆ ಹೊತ್ತು, ಗೊಂಬೆಯ ಎದೆಹೊಟ್ಟೆಯ ನಡುವಿನ ಕಿಂಡಿಯಿಂದ ದಾರಿ ನೋಡುತ್ತ ಕುಣಿಸುತ್ತಾನೆ. ಹೆಣೆದ ಬಿದಿರು ಮೈಯಿಂದ ದೂರ ನಿಲ್ಲುತ್ತದೆ, ಕೆಳಗೆ ತೆರೆದಿರುತ್ತದೆ, ಬಿಸಿಗಾಳಿ ಮೇಲೇರಿ ಹೋಗುತ್ತದೆ. ಫೋಮ್ ತುಂಬಿದ, ನಾಲ್ಕೂ ಕಡೆ ಹೊಲಿದ ಇಂದಿನ ಮ್ಯಾಸ್ಕಾಟ್ ಉಡುಪಿಗೆ ಈ ಗುಣವಿಲ್ಲ. 2019ರ ಜುಲೈನಲ್ಲಿ ಜಪಾನಿನ ಒಸಾಕಾ ಪ್ರಾಂತದ ಮನರಂಜನಾ ಉದ್ಯಾನವೊಂದರಲ್ಲಿ ಮ್ಯಾಸ್ಕಾಟ್ ಉಡುಪು ತೊಟ್ಟು ನೃತ್ಯದ ಅಭ್ಯಾಸ ಮಾಡಿದ 28ರ ಯುವಕನೊಬ್ಬ ಉಷ್ಣಾಘಾತದಿಂದ ತೀರಿಕೊಂಡ. ಅಭ್ಯಾಸ ನಡೆದದ್ದು ರಾತ್ರಿ. ಉಡುಪು ಸರಿಯಿಲ್ಲದಿದ್ದರೆ ರಾತ್ರಿಯೂ ಕಾಪಾಡುವುದಿಲ್ಲ.

ರಾಜರಾಣಿಯರ ವಾರಾಂತ್ಯ

ಅಮೆರಿಕದ ರೆನೈಸಾನ್ಸ್ ಮೇಳಗಳ ಮೊದಲನೆಯದು 1963ರಲ್ಲಿ ಲಾಸ್ ಏಂಜಲೀಸಿನಲ್ಲಿ, ಫಿಲಿಸ್ ಮತ್ತು ರಾನ್ ಪ್ಯಾಟರ್ಸನ್ ದಂಪತಿಯ ಮುಂದಾಳತ್ವದಲ್ಲಿ ಒಂದು ರೇಡಿಯೊ ಕೇಂದ್ರದ ಸಹಾಯಾರ್ಥವಾಗಿ ನಡೆಯಿತು. ಹದಿನಾರನೇ ಶತಮಾನದ ಇಂಗ್ಲೆಂಡಿನ ಸಂತೆಯನ್ನು ನಟಿಸುವ ಈ ಆಟ ಇಂದು ಆ ದೇಶದ ತುಂಬ ಹಬ್ಬಿದೆ. ಇಂಗ್ಲೆಂಡಿನ ಚಳಿಗೆಂದು ಹುಟ್ಟಿದ ಉಣ್ಣೆಯ ಡಬ್ಲೆಟ್, ಬಿಗಿದ ಬಾಡೀಸ್, ಚರ್ಮದ ಜರ್ಕಿನ್ ಟೆಕ್ಸಾಸ್, ಅರಿಜೋನಾಗಳ ಬಿಸಿಲಿಗೆ ಬಂದು ನಿಂತವು. ಅನುಭವಿ ಮೇಳಗಳು ಪಾಠ ಕಲಿತಿವೆ: 1974ರಲ್ಲಿ ಶುರುವಾದ ಟೆಕ್ಸಾಸ್ ಮೇಳ ನಡೆಯುವುದು ಅಕ್ಟೋಬರ್-ನವೆಂಬರಿನಲ್ಲಿ, ಅರಿಜೋನಾದ್ದು ಫೆಬ್ರುವರಿ-ಮಾರ್ಚಿನಲ್ಲಿ. ಇಲ್ಲಿಯೂ ಮೊದಲ ಮದ್ದು ಪಂಚಾಂಗವೇ. ವಿಸ್ಕಾನ್ಸಿನ್ನಿನ ಬ್ರಿಸ್ಟಲ್ ಮೇಳದಂಥವು ಮಾತ್ರ ಜುಲೈ-ಆಗಸ್ಟಿನ ಬೇಸಿಗೆಯಲ್ಲೇ ನಡೆಯುತ್ತವೆ.

ಆ ಕಾಲದ ಜನ ಬಾಡೀಸಿನ ಒಳಗೆ ನಾರುಬಟ್ಟೆಯ, ಎಂದರೆ ಲಿನನ್ನಿನ, ಉದ್ದನೆಯ ಒಳಂಗಿ ತೊಡುತ್ತಿದ್ದರು. ಬೆವರು ಹೀರುವುದು, ಬೇಗ ಆರುವುದು, ಒಗೆಯಲು ಬರುವುದು ಅದರ ಗುಣ. ಅಗ್ಗದ ಪಾಲಿಯೆಸ್ಟರ್ ವೆಲ್ವೆಟ್ಟಿನಲ್ಲಿ ಹೊಲಿಸಿಕೊಂಡ ಹೊಸಬ ಮಧ್ಯಾಹ್ನದೊಳಗೆ ಸುಸ್ತಾಗುವಾಗ ಲಿನನ್ ತೊಟ್ಟ ಹಳಬ ಸಂಜೆವರೆಗೂ ನಗುತ್ತಿರುತ್ತಾನೆ. ಸೊಂಟಪಟ್ಟಿಗೆ ಮರದ ಅಥವಾ ಚರ್ಮದ ಲೋಟ ನೇತುಹಾಕಿಕೊಳ್ಳುವುದು ಈ ಮೇಳಗಳ ಒಂದು ಚಂದದ ವಾಡಿಕೆ. ನೀರಿನ ನಲ್ಲಿ ಕಂಡಲ್ಲಿ ತುಂಬಿಕೊಳ್ಳಬಹುದು, ವೇಷವೂ ಕೆಡದು. ಪ್ಲಾಸ್ಟಿಕ್ ಬಾಟಲಿ ತಂದವರು ಅದನ್ನು ಗೋಣಿಬಟ್ಟೆಯ ಚೀಲದಲ್ಲಿ ಅಡಗಿಸುತ್ತಾರೆ. ತೊಂದರೆ ಇರುವುದು ಅದೇ ಲೋಟಕ್ಕೆ ನೀರಿನ ಬದಲು ಬಿಯರ್ ಬಿದ್ದಾಗ.

ಲೋಹದ ಕವಚ ತೊಟ್ಟವರ ಕಥೆ ಬೇರೆ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಕವಚಧಾರಿಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಅಳೆದಾಗ, ಕವಚವಿಲ್ಲದೆ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ವ್ಯಯವಾಗುತ್ತಿತ್ತು. ಅಷ್ಟೂ ಹೆಚ್ಚುವರಿ ಶಾಖ ಲೋಹದ ಒಳಗೇ ಹುಟ್ಟುತ್ತದೆ. ಇತಿಹಾಸದಲ್ಲಿ ಇದಕ್ಕೆ ಭೀಕರ ಸಾಕ್ಷಿ 1187ರ ಹತ್ತೀನ್ ಕದನ. ಜುಲೈ 3ರಂದು ಕ್ರೂಸೇಡ್ ಸೈನ್ಯ ಸಫ್ಫೂರಿಯಾದ ಬುಗ್ಗೆಗಳನ್ನು ಬಿಟ್ಟು, ನೀರಿಲ್ಲದ ಬಯಲಲ್ಲಿ ತಿಬೇರಿಯಾದತ್ತ ಹೊರಟಿತು. ಎದುರಾಳಿ ಸಲಾವುದ್ದೀನನ ಪಡೆ ನೀರಿನ ದಾರಿ ಕಟ್ಟಿತು, ಒಣಹುಲ್ಲಿಗೆ ಬೆಂಕಿ ಇಟ್ಟಿತು. ಮರುದಿನ ಗೆಲಿಲಿ ಸರೋವರ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಆ ಸೈನ್ಯ ಬಾಯಾರಿ ನೆಲಕಚ್ಚಿತು. ಸೆರೆಸಿಕ್ಕ ಕ್ರೂಸೇಡರ ರಾಜ ಗೀ ಡೇರೆಗೆ ಬಂದಾಗ ಸಲಾವುದ್ದೀನ್ ಮೊದಲು ಕೊಟ್ಟದ್ದು ಹಿಮದಿಂದ ತಂಪಾಗಿಸಿದ ಪಾನೀಯ ಎಂದು ಚರಿತ್ರಕಾರರು ಬರೆದಿದ್ದಾರೆ.

ಕುಣಿಯದೆ ಸುಮ್ಮನೆ ನಿಂತರೂ ಅಪಾಯವಿದೆ. 2023ರ ಜೂನ್ 10ರಂದು ಲಂಡನ್ನಿನಲ್ಲಿ ರಾಜಸೇನೆಯ ಕವಾಯತಿನ ತಾಲೀಮು ನಡೆದಾಗ ಉಷ್ಣಾಂಶ 30 ಡಿಗ್ರಿ ಆಸುಪಾಸಿನಲ್ಲಿತ್ತು. ಉಣ್ಣೆಯ ಕೆಂಪು ಅಂಗಿ, ಕರಡಿತುಪ್ಪಳದ ಎತ್ತರದ ಟೋಪಿ ತೊಟ್ಟ ಸೈನಿಕರಲ್ಲಿ ಕೆಲವರು ನಿಂತಲ್ಲೇ ತಲೆತಿರುಗಿ ಬಿದ್ದರು; ಬಿದ್ದ ಟ್ರಾಂಬೋನ್ ವಾದಕನೊಬ್ಬ ಎದ್ದು ಮತ್ತೆ ನುಡಿಸಲು ನೋಡಿದ. ಕಾಲಿನ ಮೀನಖಂಡ ಅಲುಗದಿದ್ದರೆ ರಕ್ತ ಕೆಳಗೇ ತಂಗುತ್ತದೆ, ಬಿಸಿಗೆ ಹಿಗ್ಗಿದ ರಕ್ತನಾಳಗಳು ಅದನ್ನು ಇನ್ನೂ ಹೆಚ್ಚಿಸುತ್ತವೆ, ಮೆದುಳಿಗೆ ರಕ್ತ ಸಾಲದಾಗುತ್ತದೆ. ಮೆರವಣಿಗೆಗಳಲ್ಲಿ ತಮ್ಮ ಸರದಿಗೆಂದು ಪೂರ್ತಿ ವೇಷದಲ್ಲಿ ಗಂಟೆಗಟ್ಟಲೆ ಕಾಯುವ ಜಾನಪದ ತಂಡಗಳಿಗೂ ಇದೇ ಮಾತು ಸಲ್ಲುತ್ತದೆ. ವ್ಯವಸ್ಥಾಪಕರು ಕುಣಿತದ ಹೊತ್ತನ್ನು ಲೆಕ್ಕ ಹಾಕುತ್ತಾರೆ, ಕಾಯುವ ಹೊತ್ತನ್ನು ಮರೆಯುತ್ತಾರೆ. ನೆರಳು ಮುಖ್ಯವಾಗಿ ಬೇಕಾದದ್ದು ಕಾಯುವಲ್ಲಿ.

ಒಣ ಹವೆಯ ಕೊನೆಯ ತುದಿಯಲ್ಲಿ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯ ಬರ್ನಿಂಗ್ ಮ್ಯಾನ್ ಉತ್ಸವವಿದೆ. 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಡಲ ದಂಡೆಯಲ್ಲಿ ಹುಟ್ಟಿ, 1990ರಲ್ಲಿ ಮರುಭೂಮಿಗೆ ಹೋದದ್ದು. ಚಿತ್ರವಿಚಿತ್ರ ವೇಷ ಅಲ್ಲಿ ನಿತ್ಯದ ಉಡುಗೆ. ನೀರು ಮಾರಾಟಕ್ಕಿಲ್ಲ, ತಲೆಗೆ ದಿನಕ್ಕೆ ಒಂದೂವರೆ ಗ್ಯಾಲನ್, ಎಂದರೆ 5.7 ಲೀಟರ್ ನೀರನ್ನು ಪ್ರತಿಯೊಬ್ಬನೂ ಹೊತ್ತು ತರಬೇಕೆಂದು ಸಂಘಟಕರೇ ಹೇಳುತ್ತಾರೆ. ಮೂತ್ರ ತಿಳಿಯಾಗಿ ಬರುವಷ್ಟು ಕುಡಿಯಿರಿ ಎಂಬ ಅಲ್ಲಿನ ಒರಟು ಘೋಷಣೆ ಎಷ್ಟು ಜನಪ್ರಿಯವೆಂದರೆ ಅದೇ ಹೆಸರಿನ ಪತ್ರಿಕೆಯೊಂದು ಉತ್ಸವದಲ್ಲಿ ಹಲವು ವರ್ಷ ನಡೆಯಿತು.

ಎಷ್ಟು ಕುಡಿಯಬೇಕು, ಏನು ಕುಡಿಯಬೇಕು

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಶರೀರಶಾಸ್ತ್ರಜ್ಞ ಇ. ಎಫ್. ಅಡಾಲ್ಫ್ ಮತ್ತು ಸಂಗಡಿಗರು ಮರುಭೂಮಿಯಲ್ಲಿ ಸೈನಿಕರನ್ನು ಅಭ್ಯಸಿಸಿ ಒಂದು ವಿಚಿತ್ರ ಕಂಡರು: ಪಕ್ಕದಲ್ಲೇ ಬೇಕಾದಷ್ಟು ನೀರಿದ್ದರೂ ಬೆವರಿದ ಮನುಷ್ಯ ಕಳೆದುಕೊಂಡಷ್ಟು ಕುಡಿಯುವುದಿಲ್ಲ. ಬಾಯಾರಿಕೆ ಬೆವರಿಗಿಂತ ಹಿಂದೆ ಬೀಳುತ್ತದೆ. ನೀರಿಲ್ಲದೆ ಇರುವುದನ್ನು ಅಭ್ಯಾಸದಿಂದ ರೂಢಿಸಿಕೊಳ್ಳಬಹುದೆಂಬ ಸೇನೆಯ ಹಳೆಯ ನಂಬಿಕೆಯನ್ನೂ ಅವರು ತಳ್ಳಿಹಾಕಿದರು. ಸೆಕೆಗೆ ಮೈ ಹದಗೊಳ್ಳುವುದು ನಿಜ. ಒಂದೆರಡು ವಾರ ದಿನವೂ ಬಿಸಿಯಲ್ಲಿ ದುಡಿದರೆ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಆದರೆ ಹದಗೊಂಡ ಮೈಗೆ ನೀರು ಹೆಚ್ಚೇ ಬೇಕು.

ವೇಷದವರು ನೀರು ಕುಡಿಯದಿರುವುದಕ್ಕೆ ಇನ್ನೊಂದು ಕಾರಣವಿದೆ. ವೇದಿಕೆಯ ಮೇಲೆ ಯಾರೂ ಹೇಳದ, ಚೌಕಿಯಲ್ಲಿ ಎಲ್ಲರಿಗೂ ಗೊತ್ತಿರುವ ಕಾರಣ: ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಬೇಕೆಂದರೆ ವೇಷ ಬಿಚ್ಚಬೇಕು. ಅರ್ಧ ಗಂಟೆ ಕಟ್ಟಿಸಿಕೊಂಡದ್ದನ್ನು ಬಿಚ್ಚುವುದಕ್ಕಿಂತ ಬಾಯಾರಿ ಇರುವುದೇ ವಾಸಿ ಎಂದು ಬೆಳಗಿನಿಂದಲೇ ಗುಟುಕು ಲೆಕ್ಕ ಹಾಕುವವರಿದ್ದಾರೆ. ಹೆಣ್ಣುಮಕ್ಕಳಿಗಂತೂ ಶೌಚಾಲಯ ಎಲ್ಲಿದೆ, ಹೇಗಿದೆ ಎಂಬುದೇ ನೀರಿನ ಪ್ರಮಾಣ ನಿರ್ಧರಿಸುತ್ತದೆ. ನೀರಿನ ಕ್ಯಾನ್ ಇಟ್ಟು ಕೈತೊಳೆದುಕೊಳ್ಳುವ ಸಂಘಟಕರು ಈ ಮಾತು ಕೇಳಿಸಿಕೊಳ್ಳಬೇಕು. ವೇಷ ಸಮೇತ ಒಳಹೋಗಲು ಬರುವಷ್ಟು ಅಗಲದ, ಶುಚಿಯಾದ ಶೌಚಾಲಯ ಇಲ್ಲದಿದ್ದರೆ ಎಷ್ಟು ಕ್ಯಾನ್ ಇಟ್ಟರೂ ಅಷ್ಟೇ. ವೇಷ ಹೊಲಿಯುವವರೂ ಒಂದು ಝಿಪ್ಪು, ಒಂದು ಲಾಡಿ ಹೆಚ್ಚಿಗೆ ಇಟ್ಟು ಸಹಾಯ ಮಾಡಬಲ್ಲರು.

ಬಿಸಿಯಲ್ಲಿ ದುಡಿಯುವವರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುವ ಅಳತೆ: ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಗಂಟೆಗೆ ಒಂದೂವರೆ ಲೀಟರಿನೊಳಗೆ. ಆ ಮೇಲ್ಮಿತಿಯೂ ಮುಖ್ಯ. 2002ರ ಬಾಸ್ಟನ್ ಮ್ಯಾರಥಾನಿನ 488 ಓಟಗಾರರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕೆಳಗೆ ಇಳಿದಿತ್ತು. ಅತಿಯಾಗಿ ಕುಡಿದು ಓಡುವಾಗಲೇ ತೂಕ ಏರಿಸಿಕೊಂಡವರಲ್ಲಿ ಅದು ಹೆಚ್ಚು. ಬರೀ ನೀರನ್ನು ಸುರಿದುಕೊಂಡರೆ ಉಪ್ಪು ತೆಳುವಾಗುತ್ತದೆ. ತನಗೆ ಎಷ್ಟು ಬೇಕೆಂದು ತಿಳಿಯಲು ಸುಲಭದ ದಾರಿ ತಕ್ಕಡಿ. ತಾಲೀಮಿನ ಮುಂಚೆ, ಆಮೇಲೆ ತೂಕ ನೋಡಿದರೆ ಇಳಿದ ಪ್ರತಿ ಕಿಲೋ ಒಂದು ಲೀಟರಿಗೆ ಸಮ.

ಒಂದು ಲೀಟರ್ ಬೆವರಿನಲ್ಲಿ ಸರಾಸರಿ ಒಂದು ಗ್ರಾಂ ಸೋಡಿಯಂ ಹೋಗುತ್ತದೆ, ಎಂದರೆ ಅಡುಗೆ ಉಪ್ಪಿನ ಲೆಕ್ಕದಲ್ಲಿ ಎರಡೂವರೆ ಗ್ರಾಂ. ಇದನ್ನು ಮನಸ್ಸಿನಲ್ಲಿಟ್ಟು ನಮ್ಮ ಹಬ್ಬದ ಪಾನೀಯಗಳನ್ನು ನೋಡಿದರೆ ಸ್ವಾರಸ್ಯ. ರಾಮನವಮಿಯ ಪಾನಕದಲ್ಲಿ ಬೆಲ್ಲ, ನಿಂಬೆ, ಏಲಕ್ಕಿ, ಶುಂಠಿ ಇವೆ; ನೀರಿಗೂ ಶಕ್ತಿಗೂ ಸರಿ, ಚಿಟಿಕೆ ಉಪ್ಪು ಬಿದ್ದರೆ ಇನ್ನೂ ಸರಿ. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಅಷ್ಟಿಲ್ಲ. ಉಪ್ಪು, ಕರಿಬೇವು, ಇಂಗು ಬಿದ್ದ ನೀರುಮಜ್ಜಿಗೆಯೇ ಇವುಗಳಲ್ಲಿ ಬೆವರಿದ ಮೈಗೆ ಹೆಚ್ಚು ಒಪ್ಪುವುದು. ಜೊತೆಗೆ ಕೋಸಂಬರಿ ತಿಂದರೆ ಇನ್ನಷ್ಟು ಉಪ್ಪು ಸೇರುತ್ತದೆ. ಬೇಸಿಗೆಯ ಜಾತ್ರೆಗಳಲ್ಲಿ ದಾರಿಯುದ್ದಕ್ಕೂ ಅರವಟ್ಟಿಗೆ ಇಟ್ಟು ನೀರು, ಮಜ್ಜಿಗೆ, ಪಾನಕ ಹಂಚಿದ ಹಿರಿಯರು ಶರೀರಶಾಸ್ತ್ರ ಓದಿರಲಿಲ್ಲ, ಬಿಸಿಲಲ್ಲಿ ನಡೆದಿದ್ದರು. ಜಪಾನಿನಲ್ಲಿ ಬೇಸಿಗೆಗೆಂದೇ ‘ಶಿಯೊ ಅಮೆ’ ಎಂಬ ಉಪ್ಪಿನ ಪೆಪ್ಪರಮೆಂಟು ಮಾರುತ್ತಾರೆ.

ಬೆವರಿ ಬೆವರಿ ಸೋತವರಿಗೆ ಓಆರ್‌ಎಸ್ ಪುಡಿ ಒಳ್ಳೆಯದು. ಸಕ್ಕರೆ ಜೊತೆಗಿದ್ದರೆ ಕರುಳು ಸೋಡಿಯಮ್ಮನ್ನೂ ಅದರೊಂದಿಗೆ ನೀರನ್ನೂ ಚುರುಕಾಗಿ ಒಳಗೆಳೆದುಕೊಳ್ಳುತ್ತದೆ ಎಂಬುದೇ ಅದರ ಗುಟ್ಟು. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ರೋಗಿಗಳಿಗೆ ಇದನ್ನು ಡಬ್ಬಗಟ್ಟಲೆ ಕುಡಿಸಿ ಜೀವ ಉಳಿಸಿದವರು ಡಾ. ದಿಲೀಪ್ ಮಹಲನಬಿಸ್. ಇಂದಿನ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಹಣ್ಣಿನ ರುಚಿಯ ಸಿಹಿ ಪೊಟ್ಟಣಗಳನ್ನು ಇದೇ ಎಂದು ತಿಳಿದು ಕೊಳ್ಳುವ ಮುನ್ನ ಹಿಂದಿನ ಅಚ್ಚು ಓದುವುದು ವಾಸಿ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ವೇಷ ಕಟ್ಟುವ ಮೊದಲೇ ವೈದ್ಯರನ್ನು ಕೇಳಬೇಕು.

ವೇಷ ಬಿಚ್ಚದೆ ತಂಪಾಗುವ ಒಂದು ಉಪಾಯ ಅಷ್ಟಾಗಿ ಪ್ರಚಾರದಲ್ಲಿಲ್ಲ. ಮುಂಗೈಗಳನ್ನು ಮೊಣಕೈವರೆಗೆ ತಣ್ಣೀರಿನ ಬಕೆಟ್ಟಿನಲ್ಲಿ ಹತ್ತಿಪ್ಪತ್ತು ನಿಮಿಷ ಮುಳುಗಿಸಿಡುವುದು. ಬಿಸಿಗೊಂಡ ಮೈಯಲ್ಲಿ ಅಂಗೈ, ಮುಂಗೈಗಳಿಗೆ ರಕ್ತ ಧಾರಾಳವಾಗಿ ಹರಿಯುತ್ತಿರುತ್ತದೆ; ಅಲ್ಲಿ ತಣಿದ ರಕ್ತ ಒಳಗೆ ಹೋಗಿ ಇಡೀ ಮೈಯನ್ನು ತಣಿಸುತ್ತದೆ. ಕವಚ ತೊಟ್ಟ ಅಗ್ನಿಶಾಮಕ ಸಿಬ್ಬಂದಿ, ನೌಕಾಪಡೆಯವರು ಇದನ್ನು ಬಳಸುತ್ತಾರೆ. ಕಿರೀಟ, ಮುಖದ ಬಣ್ಣ, ಬಾಡೀಸು ಯಾವುದಕ್ಕೂ ಧಕ್ಕೆಯಿಲ್ಲ. ಎರಡು ಬಕೆಟ್, ಒಂದು ಬೆಂಚು, ಒಂದು ಚಪ್ಪರವಿದ್ದರೆ ಯಾವ ಹಬ್ಬದಲ್ಲೂ ಈ ಏರ್ಪಾಡು ಮಾಡಬಹುದು. ಫ್ಯಾನಿನ ಮೇಲೆ ಮಾತ್ರ ಪೂರ್ತಿ ಭರವಸೆ ಬೇಡ. ಗಾಳಿಯೇ 40 ಡಿಗ್ರಿ ದಾಟಿದಾಗ ಅದು ಮೈಗೆ ಬಿಸಿಯನ್ನೇ ಬೀಸುತ್ತದೆ.

ಇಷ್ಟೆಲ್ಲದರ ಮೇಲೂ ಒಬ್ಬ ಕುಸಿಯಬಹುದು. ತಲೆನೋವು, ವಾಕರಿಕೆ, ಕಾಲಿನ ಸೆಳೆತ, ಸುಸ್ತು ಕಂಡರೆ ವೇಷ ಸಡಿಲಿಸಿ ನೆರಳಿಗೆ ಕರೆತಂದು ಗುಟುಕು ಗುಟುಕಾಗಿ ಕುಡಿಸಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಕಾರಣವಿಲ್ಲದೆ ರೇಗಿದರೆ, ಎಲ್ಲಿದ್ದೇನೆಂದು ತಿಳಿಯದಾದರೆ ಅದು ಉಷ್ಣಾಘಾತ. ಒಳಗಿನ ಉಷ್ಣತೆ 40 ಡಿಗ್ರಿ ದಾಟಿದೆಯೆಂದೇ ತಿಳಿಯಬೇಕು. ವೇಷದ ಹಬ್ಬದಲ್ಲಿ ಇದನ್ನು ಗುರುತಿಸುವುದೇ ಕಷ್ಟ. ಮುಖದ ಬಣ್ಣ ಬಣ್ಣದ ಕೆಳಗೆ ಅಡಗಿರುತ್ತದೆ, ತೂರಾಡುವುದನ್ನು ಜನ ಅಭಿನಯವೆಂದು ಚಪ್ಪಾಳೆ ತಟ್ಟುತ್ತಾರೆ. ಚರ್ಮ ಒಣಗಿರಬೇಕೆಂಬ ನಿಯಮವೂ ಇಲ್ಲ. ಕುಣಿದು ಉಷ್ಣಾಘಾತಕ್ಕೆ ಸಿಕ್ಕವರು ಬೆವರುತ್ತಲೇ ಇರಬಹುದು.

ಆಗ ವೇಷದ ಮೋಹ ಬಿಡಬೇಕು. ಕಸೆಯೋ ಲಾಡಿಯೋ ಕತ್ತರಿಸಿ, ಕಿರೀಟ ಕಿತ್ತಿಡಿ. 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರುವವರೆಗೆ ಕಾದು ನಿಲ್ಲಬೇಡಿ: ಮಂಜುಗಡ್ಡೆಯ ನೀರಿನ ತೊಟ್ಟಿ ಇದ್ದರೆ ತಲೆ ಮೇಲಿರುವಂತೆ ಹಿಡಿದು ಕುತ್ತಿಗೆವರೆಗೆ ಮುಳುಗಿಸಿ, ಇಲ್ಲದಿದ್ದರೆ ಕೊಡಗಟ್ಟಲೆ ತಣ್ಣೀರು ಸುರಿಯುತ್ತ ಗಾಳಿ ಬೀಸಿ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬೇಡಿ, ಜ್ವರದ ಮಾತ್ರೆ ಕೊಡಬೇಡಿ, ಅದು ಇಲ್ಲಿ ಕೆಲಸ ಮಾಡದು. ಮೊದಲ ಅರ್ಧ ಗಂಟೆಯೊಳಗೆ ಮೈ ತಣಿದವರು ಬಹುತೇಕ ಉಳಿದುಕೊಳ್ಳುತ್ತಾರೆ.